ಎರಡು ಸಲ ತಟ್ಟಿದರೆ

ನನ್ನ ಕಾಯಿಲೆಗೆ ಮೂರು ಊರಿನ ಮೂವರು ವೈದ್ಯರು ಒಂದೇ ಹೆಸರು ಕೊಟ್ಟರು: ಏನೂ ಇಲ್ಲ. ಬೀಳಗಿಯಲ್ಲಿ ಏನೂ ಇರಲಿಲ್ಲ, ಮುಧೋಳದಲ್ಲಿ ಏನೂ ಇರಲಿಲ್ಲ, ಜಮಖಂಡಿಯಲ್ಲೂ ಏನೂ ಇರಲಿಲ್ಲ. ಕಾನೂನು ಓದುವ ಐದು ವರ್ಷಗಳನ್ನು ಚರ್ಚಾ ಸ್ಪರ್ಧೆಗಳಲ್ಲೇ ಕಳೆದವಳು ನಾನು. ಎದುರಾಳಿ ಏನಾದರೂ ಹೇಳಿದರೆ ತಾನೇ ಖಂಡಿಸುವುದು? ಏನೂ ಇಲ್ಲ ಅಂದವರನ್ನು ಖಂಡಿಸುವುದು ಹೇಗೆ?

ಅದಕ್ಕೆ ಬರುತ್ತೇನೆ. ಮೊದಲು ಇನ್ನೊಂದು ವಿಷಯ ಹೇಳಿಬಿಡಬೇಕು. ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಯಿತು. ಆ ಬೆಳಿಗ್ಗೆ ಅವನು ನನ್ನನ್ನು ಒಂದು ಮಾತು ಕೇಳಿದ್ದ, ನಾನು ಒಂದು ಉತ್ತರ ಕೊಟ್ಟಿದ್ದೆ. ಆ ಪ್ರಶ್ನೆಯೂ ಉತ್ತರವೂ ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ. ನನ್ನಂಥ ಕಾಯಿಲೆಯವರು ಓದಲಿ ಎಂದು ಈ ಕಥನ ಬರೆಯಲು ಕೂತಾಗ ಒಂದು ಷರತ್ತು ಹಾಕಿಕೊಂಡೆ: ಇದನ್ನು ಬೇರೆ ಯಾರಾದರೂ ಓದುವ ಮೊದಲು ಅವ್ವನಿಗೆ ನನ್ನ ಬಾಯಿಂದಲೇ ಹೇಳಬೇಕು. ಆಗದಿದ್ದರೆ ಹಾಳೆಗಳನ್ನು ಹರಿದು ಒಲೆಗೆ ಹಾಕಬೇಕು. ಈ ಸಾಲು ಬರೆಯುವ ಹೊತ್ತಿಗೆ ಹೇಳಿಲ್ಲ.

ಶುರುವಾದದ್ದು ಬೀಳಗಿಯ ಒಂದು ಕಾಲೇಜಿನ ಸಭಾಂಗಣದಲ್ಲಿ. ಶಾಲೆಗಳಲ್ಲಿ ಮೊಬೈಲ್ ನಿಷೇಧಿಸಬೇಕೇ ಎಂಬ ಸವಕಲು ವಿಷಯ. ನಾನು ವಿರೋಧದ ಕಡೆ. ‘ಮೂರನೆಯ ಅಂಶ ಏನೆಂದರೆ’ ಎಂದೆ, ಮೂರನೆಯ ಅಂಶ ಬರಲಿಲ್ಲ. ಬದಲಿಗೆ ಗಂಟಲು ಬಿಗಿಯಿತು, ಅಂಗೈಗಳು ಜುಮ್ಮೆಂದವು, ಎದೆಯೊಳಗೆ ಯಾರೋ ಒಳಗಿನಿಂದ ಬಾಗಿಲು ಗುದ್ದಿದ ಹಾಗಾಯಿತು. ಸಾಯುತ್ತಿದ್ದೇನೆ ಅನ್ನಿಸಿತು. ಅನ್ನಿಸಿತು ಎನ್ನುವುದೂ ಕಡಿಮೆಯೇ, ನನಗದು ಖಚಿತವಾಗಿತ್ತು. ಮೈಕಿನ ಕಂಬ ಹಿಡಿದುಕೊಂಡು ನಿಂತೆ. ಆ ಮೌನವನ್ನು ತೀರ್ಪುಗಾರರು ಭಾಷಣದ ಕಲೆ ಎಂದುಕೊಂಡರಂತೆ. ಎರಡನೆಯ ಬಹುಮಾನ ಬಂದಿದೆ ಎಂದು ತಿಳಿದದ್ದು ಆಸ್ಪತ್ರೆಯ ಹಾಸಿಗೆಯ ಮೇಲೆ.

ಅಪ್ಪ ಬನಹಟ್ಟಿಯಿಂದ ಬಸ್ಸು ಹಿಡಿದು ಬಂದ. ಹುಬ್ಬಿನ ಮೇಲೆ, ಕಿವಿಯ ಕೂದಲಲ್ಲಿ ನೂಲಿನ ಧೂಳು ಹಾಗೇ ಇತ್ತು, ಮಗ್ಗ ನಿಲ್ಲಿಸಿ ನೇರ ಬಂದಿದ್ದ. ಮೂವತ್ತು ವರ್ಷ ಪವರ್‌ಲೂಮಿನ ಸದ್ದಿನಲ್ಲಿ ನಿಂತವನಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರಲಿಲ್ಲ. ನರ್ಸು ತುಟಿಗೆ ಬೆರಳಿಟ್ಟು ಸುಮ್ಮನಿರಲು ಹೇಳಿದ ವಾರ್ಡಿನಲ್ಲಿ ಅವನು ಕೂಗಿದ:

“ಹಾರ್ಟಿಂದೇನ್ರೀ? ಖರೆ ಹೇಳ್ರಿ, ನಾವು ಗಟ್ಟಿ ಮಂದಿ ಅದೇವಿ!”

ಎಂಟು ಹಾಸಿಗೆಗಳ ರೋಗಿಗಳು ತಿರುಗಿ ನೋಡಿದರು. ಇಸಿಜಿಯ ಉದ್ದನೆಯ ಪಟ್ಟಿಯನ್ನು ವೈದ್ಯರು ಬೆಳಕಿಗೆ ಹಿಡಿದು ನೋಡಿ, “ಏನೂ ಇಲ್ಲ. ಊಟ ಮಾಡಿರ್ಲಿಕ್ಕಿಲ್ಲ,” ಎಂದರು. ಅಪ್ಪ ಆ ಪಟ್ಟಿಯನ್ನು ಕೇಳಿ ಪಡೆದು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ಊಟ ಮಾಡಿದ್ದೆ. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ. ಆದರೆ ಆಕ್ಷೇಪಣೆ ಎತ್ತುವ ತ್ರಾಣ ಇರಲಿಲ್ಲ.

ಆಮೇಲೆ ಅದು ತನಗೆ ಬೇಕಾದಾಗಲೆಲ್ಲ ಬರತೊಡಗಿತು. ಬಸ್ ನಿಲ್ದಾಣದಲ್ಲಿ, ಗ್ರಂಥಾಲಯದಲ್ಲಿ, ಒಮ್ಮೆ ಸ್ನಾನ ಮಾಡುವಾಗ ತಲೆಗೆಲ್ಲ ನೊರೆ ಇದ್ದಾಗ. ಮುಧೋಳದ ಆಸ್ಪತ್ರೆಯ ಬೆಂಚಿನಲ್ಲಿ ಕಾಲು ಮುರಿದುಕೊಂಡ ಒಬ್ಬ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿನಗೇನಾಗೇತಿ ಮಗಳ? ಎಲ್ಲಾ ನೆಟ್ಟಗಽ ಐತೆಲ್ಲ?” ಎಂದ. ಆ ಬೆಂಚಿನಲ್ಲಿ ಕೂರಲು ನನಗೆ ಅರ್ಹತೆ ಇಲ್ಲವೆಂದು ಅನ್ನಿಸಿದ್ದು ಆವತ್ತು. ಕಾಯಿಲೆಗಿಂತ ಅದು ಹೆಚ್ಚು ನೋಯಿಸಿತು. ಕಾಲಿಗೆ ಪ್ಲಾಸ್ಟರ್ ಇದ್ದವರನ್ನು, ಕೈಯಲ್ಲಿ ಸಲೈನ್ ಸೂಜಿ ಇದ್ದವರನ್ನು ನೋಡಿ ಹೊಟ್ಟೆಕಿಚ್ಚುಪಟ್ಟಿದ್ದೇನೆ. ಅವರ ಹತ್ತಿರ ಪುರಾವೆ ಇತ್ತು.

ಮನೆಯಲ್ಲಿ ಪ್ರತಿಯೊಬ್ಬರದೂ ಒಂದೊಂದು ತೀರ್ಪು. ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬರಲಿಲ್ಲ, ಅಂದರೆ ದೃಷ್ಟಿ ಆಗಿದೆ. “ಘಾಟು ಬಂದಿದ್ರೆ ಏನಂತಿದ್ದಿ ಬೇ?” ಎಂದು ಕೇಳಿದೆ. “ದೃಷ್ಟಿ ಹೋತು ಅಂತಿದ್ನಿ,” ಎಂದಳು. ಯಾವ ಫಲಿತಾಂಶ ಬಂದರೂ ಗೆಲ್ಲುವ ವಾದ. ಪಕ್ಕದ ಮನೆಯ ಸಂಗವ್ವತ್ತಿಯದು ಇನ್ನೂ ಸರಳ:

“ಮದುವಿ ಮಾಡ್ರಿ. ಎದಿ ಬಡಕೊಳ್ಳೂದು ನಿಂದರತೈತಿ.”

“ನಿನ್ನ ಮದುವಿ ಆಗಿ ನಲವತ್ತು ವರ್ಷ ಆತಲ್ಲತ್ತಿ, ಬಿಪಿ ಗುಳಿಗಿ ಯಾಕ ತಗೋತಿ?”

“ನೋಡವ್ವಾ ಬಾಯಿ! ಈ ಬಾಯಿಗೆ ರೋಗ ಬರಲಿಲ್ಲ ನೋಡು.”

ಅವ್ವ ನಕ್ಕಳು, ನಾನೂ ನಕ್ಕೆ. ಆದರೆ ಆ ವಾರ ನಾನು ಒಬ್ಬಳೇ ಹಿತ್ತಿಲಿಗೂ ಹೋಗುತ್ತಿರಲಿಲ್ಲ.

ಕೊನೆಗೆ ಜಮಖಂಡಿಯಲ್ಲಿ ಗುರುವಾರಕ್ಕೊಮ್ಮೆ ಬರುತ್ತಿದ್ದ ಮನೋವೈದ್ಯೆಯ ಹತ್ತಿರ ಹೋದೆವು. ದಕ್ಷಿಣದ ಕಡೆಯವರು, ನನಗಿಂತ ಆರೇಳು ವರ್ಷ ದೊಡ್ಡವರಿರಬೇಕು. ಅವರು ಇಸಿಜಿ ಪಟ್ಟಿಗಳನ್ನು ಪಕ್ಕಕ್ಕಿಟ್ಟು, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, “ನಿಮ್ಮ ಹೃದಯಕ್ಕೆ ಏನೂ ಆಗಿಲ್ಲ. ಆದರೆ ನಿಮಗೆ ಆಗುತ್ತಿರುವುದು ನಿಜ,” ಎಂದರು. ಆ ಎರಡನೆಯ ವಾಕ್ಯಕ್ಕಾಗಿ ನಾನು ಏಳು ತಿಂಗಳು ಕಾದಿದ್ದೆ. ಅಲ್ಲೇ ಕೂತು ಅತ್ತೆ. ಮಗ್ಗದ ಸದ್ದಿಗೆ ಕಿವಿ ಮಂದವಾಗಿದ್ದ ಅಪ್ಪನಿಗೆ ಏನೂ ಕೇಳಿಸಿರಲಿಲ್ಲ, ನನ್ನ ಅಳು ನೋಡಿ ಗಾಬರಿಯಾಗಿ, “ಎಷ್ಟು ದಿನಾ ಉಳದಾವ್ರಿ?” ಎಂದು ಕೂಗಿದ. ವೈದ್ಯೆ ಪೆನ್ನು ಕೆಳಗಿಟ್ಟು ನಕ್ಕರು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಗುಳಿಗೆ ಕೊಟ್ಟರು. ದಿನಾ ಮೈ ದಣಿಯುವ ಹಾಗೆ ಏನಾದರೂ ಮಾಡಿ ಎಂದೂ ಹೇಳಿದರು. ರಬಕವಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾಗಿದ್ದ ಕಸ್ತೂರಿ ಟೀಚರ್ ಬೆಳಿಗ್ಗೆ ಹುಡುಗಿಯರಿಗೆ ಜೂಡೊ ಹೇಳಿಕೊಡುತ್ತಿದ್ದರು. ಅಪ್ಪನೇ ಸೈಕಲ್ ಮೋಟಾರಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟ.

ಸಮರಕಲೆ, ಮನೋಬಲ ಎಂಬ ಪದಗಳನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಕೈ ಕಾಲು ಬೀಸಿದರೆ ಮನಸ್ಸು ಗಟ್ಟಿಯಾಗುತ್ತದೆ ಎನ್ನುವುದಕ್ಕೂ ಮೆಣಸಿನಕಾಯಿ ಘಾಟಿಗೂ ಏನು ವ್ಯತ್ಯಾಸ? ಮೊದಲ ದಿನವೇ ಕೇಳಿದೆ:

“ಇದರಿಂದ ಅಂಜಿಕಿ ಹೋಗ್ತೈತಿ ಅನ್ನಾಕ ಆಧಾರ ಏನ್ರಿ ಟೀಚರ್?”

ಐವತ್ತು ದಾಟಿದ ದಪ್ಪ ಹೆಂಗಸು, ಬಾಯಲ್ಲಿ ಸದಾ ಏಲಕ್ಕಿ. “ಆಧಾರ ಗೀಧಾರ ನಿನ್ನ ಕೋರ್ಟಿನ್ಯಾಗ ಇಟ್ಕೋ. ಇಲ್ಲೆ ಮೊದಲ ಬೀಳೂದು ಕಲಿ,” ಎಂದರು.

ಅಲ್ಲಿ ನೆಲಕ್ಕೆ ಹಾಸಿದ್ದ ಗಾದಿಗಳ ಒಳಗೆ ಇದ್ದದ್ದು ನಮ್ಮೂರ ಮಗ್ಗಗಳ ಕಸದ ನೂಲು, ಮೇಲೆ ತಾಡಪತ್ರಿಯ ಹೊದಿಕೆ. ಒಂದು ತಿಂಗಳು ಬರೀ ಬಿದ್ದೆ. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ. ಎರಡನೆಯ ತಿಂಗಳು ಟೀಚರ್ ನನ್ನನ್ನು ಅಂಗಾತ ಮಲಗಿಸಿ ಎದೆಯ ಮೇಲೆ ಅಡ್ಡ ಬಿದ್ದು ಹಿಡಿದರು. ಜೂಡೊದಲ್ಲಿ ಅದೊಂದು ಹಿಡಿತ, ಎದುರಾಳಿ ಏಳದ ಹಾಗೆ ಅದುಮಿ ಹಿಡಿಯುವುದು. ಆ ಭಾರ ಎದೆಗೆ ಬಿದ್ದ ಕ್ಷಣ ಬೀಳಗಿಯ ವೇದಿಕೆ ವಾಪಸು ಬಂತು: ಅದೇ ಬಿಗಿದ ಗಂಟಲು, ಅದೇ ಜುಮ್ಮೆನ್ನುವ ಕೈ. ಮಾತು ಹೊರಡಲಿಲ್ಲ. ಗಾದಿಯ ಮೇಲೆ ಎರಡು ಸಲ ಕೈ ತಟ್ಟಿದೆ. ಮೊದಲ ದಿನವೇ ಹೇಳಿದ್ದರು: ಎರಡು ಸಲ ತಟ್ಟಿದರೆ ಹಿಡಿದವರು ಬಿಡಬೇಕು, ಆ ಕ್ಷಣವೇ, ಕಾರಣ ಕೇಳದೆ. ಟೀಚರ್ ಬಿಟ್ಟರು. ಇಷ್ಟಕ್ಕೆಲ್ಲ ತಟ್ಟುವುದೇ ಎಂಬ ಮುಖ ಸಹ ಮಾಡಲಿಲ್ಲ.

ಈ ನಿಯಮ ನನಗೆ ಹೊಸದಾಗಿರಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್ ಇವೆ. ಅವು ಓಡುವಾಗ ಕಿವಿಯ ಹತ್ತಿರ ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಮಗ್ಗದ ಮುಂದೆ ನಿಂತವರ ಬೆನ್ನ ಮೇಲೆ ಎರಡು ಸಲ ತಟ್ಟಿದರೆ ನಿಲ್ಲಿಸು ಎಂದರ್ಥ. ತಿರುಗಿ ನೋಡುವ ಮೊದಲೇ ಕೈ ಮಗ್ಗ ನಿಲ್ಲಿಸುವ ಹಿಡಿಕೆಗೆ ಹೋಗಬೇಕು. ಯಾಕೆ ಎಂದು ಕೇಳುವಷ್ಟರಲ್ಲಿ ಯಾರದೋ ಸೆರಗು ಯಂತ್ರದ ಬೆಲ್ಟಿಗೆ ಸಿಕ್ಕಿರುತ್ತದೆ. ಚಿಕ್ಕವಳಿದ್ದಾಗ ನಾನು ಇದನ್ನು ಬೇಕಾದಷ್ಟು ದುರುಪಯೋಗ ಮಾಡಿದ್ದೇನೆ. ಪೆಪ್ಪರಮಿಂಟು ಬೇಕಾದರೂ ತಟ್ಟುತ್ತಿದ್ದೆ. ಅಪ್ಪ ಪ್ರತಿ ಸಲವೂ ನಿಲ್ಲಿಸುತ್ತಿದ್ದ. ಅವ್ವ ಬೈದರೆ ಹೇಳುತ್ತಿದ್ದ:

“ಇರ್ಲಿ ಬಿಡ. ಸುಳ್ಳ ತಟ್ಟಿದ್ರೂ ನಿಲ್ಲಸಬೇಕು. ಇಲ್ಲಾಂದ್ರ ಖರೆ ತಟ್ಟಿದಾಗ ಕೈ ಓಡಂಗಿಲ್ಲ.”

ಆ ಮಾತನ್ನು ನಾನು ಎಷ್ಟು ಸಲ ಕೇಳಿದ್ದೆ ಎಂದರೆ, ಅದರ ಅರ್ಥ ಏನೆಂದು ಯೋಚಿಸುವ ಗೋಜಿಗೇ ಹೋಗಿರಲಿಲ್ಲ.

ಜೂಡೊ ಕೆಲಸ ಮಾಡಿತು. ಮಾಡಲಿಲ್ಲ ಎಂದು ಬರೆದರೆ ಈ ಕಥನ ಸುಲಭವಾಗುತ್ತಿತ್ತು, ಆದರೆ ಅದು ಸುಳ್ಳು. ಮೊದಲು ಮೂರು ಉಸಿರಿಗೆ ತಟ್ಟುತ್ತಿದ್ದೆ, ಆಮೇಲೆ ಹತ್ತಕ್ಕೆ. ಟೀಚರ್ ಎದೆಯ ಮೇಲಿಂದಲೇ ಎಣಿಸುತ್ತಿದ್ದರು, “ಹನ್ನೊಂದ... ಹನ್ನೆರಡ... ಸತ್ತೇನ?” “ಇಲ್ಲರಿ.” “ಮತ್ತ ಯಾಕ ಅಂಜತಿ? ಹದಿಮೂರ...” ಇಪ್ಪತ್ತರ ಹೊತ್ತಿಗೆ ಒಂದು ಸಂಗತಿ ನನ್ನ ಮೈಗೇ ತಿಳಿಯಿತು. ಭಯ ಏರುತ್ತದೆ, ಏರಿ ಏರಿ ದಣಿದು ಕೂತುಬಿಡುತ್ತದೆ, ನಾನು ಅದರ ಕೆಳಗೆ ಬದುಕಿಯೇ ಇರುತ್ತೇನೆ. ಹಿಪ್ಪರಗಿ ಬ್ಯಾರೇಜಿನ ಮೇಲೆ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ನಿಂತಾಗ ಅದು ಬಂತು. ಮುಂದಿನ ಸೀಟಿನ ಸರಳು ಹಿಡಿದು ಎಣಿಸಿದೆ. ಇಪ್ಪತ್ತಾರಕ್ಕೆ ಹೋಯಿತು. ಕೆಳಗೆ ಕೃಷ್ಣೆಯ ನೀರು ಹೊಳೆಯುತ್ತಿತ್ತು, ಕಿಟಕಿಯಿಂದ ಅದನ್ನು ನೋಡುವಷ್ಟು ನಾನು ಸಾವಧಾನವಾಗಿದ್ದೆ.

ಮುಂದಿನ ವರ್ಷ ಮುಧೋಳದಲ್ಲಿ ಕೊನೆಯ ಸುತ್ತಿನ ಚರ್ಚೆಗೆ ಅಪ್ಪ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ನಾನು ಮೂರನೆಯ ಅಂಶವನ್ನೂ ಹೇಳಿದೆ, ನಾಲ್ಕನೆಯದನ್ನೂ ಹೇಳಿದೆ, ಗೆದ್ದೆ. ಹೊರಗೆ ಬಂದು, “ಹೆಂಗ ಮಾತಾಡಿದ್ನಿ ಅಪ್ಪಾ?” ಎಂದೆ.

“ಏನೂ ಕೇಳಲಿಲ್ಲವಾ,” ಎಂದ. “ನಿಂತಿದ್ದು ಕಾಣಾಕತ್ತಿತ್ತು. ಛಲೋ ನಿಂತಿದ್ದಿ.”

ಗೆದ್ದವಳಿಗೆ ಒಂದು ಚಟ ಅಂಟುತ್ತದೆ, ತನಗೆ ಫಲಿಸಿದ್ದನ್ನು ಎಲ್ಲರಿಗೂ ಹಂಚುವುದು. ನಾನು ಹಂಚಿದೆ. ಕಾಲೇಜಿನ ಜೂನಿಯರುಗಳಿಗೆ, ಸಂಗವ್ವತ್ತಿಯ ಸೊಸೆಗೆ, ಜಮಖಂಡಿಯಲ್ಲಿ ನಾನು ಕೆಲಸಕ್ಕೆ ಸೇರಿದ ವಕೀಲರ ಗುಮಾಸ್ತನಿಗೆ ಕೂಡ. ಎದೆ ಹಿಡಿದರೆ ಗಾಬರಿಯಾಗಬೇಡಿ, ಎಣಿಸಿ. ಹೃದಯ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ ಎಲ್ಲರೂ ಒಪ್ಪುತ್ತಿದ್ದರು.

ನಮ್ಮ ಓಣಿಯಲ್ಲಿ ಎಡ ಭುಜ ನೋಯದ ನೇಕಾರನಿಲ್ಲ. ಹಿಡಿಕೆ ಎಳೆದು ಎಳೆದು, ಬಗ್ಗಿ ಎಳೆ ಗಂಟು ಹಾಕಿ ಹಾಕಿ ಅದು ಬರುವುದೇ. ಪ್ರತಿ ಮನೆಯಲ್ಲೂ ಬೆಳ್ಳುಳ್ಳಿ ಕಾಸಿದ ಎಣ್ಣೆಯ ಬಾಟಲಿ ಇರುತ್ತದೆ. ಭುಜ ನೋವು ಎಂದರೆ ಎಣ್ಣೆ, ಅಷ್ಟೇ. ಅದು ಬೇರೆ ಏನಾದರೂ ಇರಬಹುದೆಂದು ನಮ್ಮಲ್ಲಿ ಯಾರೂ ಯೋಚಿಸುವುದಿಲ್ಲ.

ಆ ದಿನ ಶುಕ್ರವಾರ. ಬೆಳಿಗ್ಗೆ ಎಂಟೂವರೆ. ಅವ್ವ ಜೋಳದ ಡಬ್ಬಿ ಹೊತ್ತು ಹಿಟ್ಟಿನ ಗಿರಣಿಗೆ ಹೋಗಿದ್ದಳು. ನಾನು ಕೋರ್ಟಿಗೆ ಹೊರಡಲು ಬಿಳಿ ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ. ಮುಂದಿನ ಕೋಣೆಯ ಸದ್ದು ನಿಂತಿತು. ಕರೆಂಟು ಹೋಗಿರಲಿಲ್ಲ, ನನ್ನ ಇಸ್ತ್ರಿ ಪೆಟ್ಟಿಗೆ ಬಿಸಿಯಾಗಿಯೇ ಇತ್ತು. ಅಪ್ಪ ತಾನೇ ಮಗ್ಗ ನಿಲ್ಲಿಸಿ ಬಂದು ಮಂಚದ ಮೇಲೆ ಕೂತ. ಹಣೆಯ ಮೇಲೆ ಬೆವರು, ಅದಕ್ಕೆ ನೂಲಿನ ಧೂಳು ಅಂಟಿತ್ತು.

“ಎದಿ ಹಿಡದಂಗ ಆಗೇತಿ ತಂಗಿ,” ಎಂದ. ಅವನು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. “ದವಾಖಾನಿಗೆ ಹೋಗೂನೇನು?”

ಇದು ಆ ಪ್ರಶ್ನೆ.

ನಾನು ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿ ಹತ್ತಿರ ಕೂತೆ. ಪಾಟಿ ಸವಾಲು ಶುರುಮಾಡಿದೆ.

“ಕೈ ಜುಮ್ ಅನ್ನಾಕತ್ತೈತೇನು?”

“ಹೂಂ.”

“ಗಂಟಲ ಬಿಗದೈತಿ?”

“ಹೂಂ. ಹೆಂಗ ಗೊತ್ತಾತು?”

“ಅಂಜಿಕಿ ಆಗೇತಿ?”

“ಆಗೇತಿ,” ಎಂದ.

“ಇದು ನಂದಽ ರೋಗ ಅಪ್ಪಾ! ನಿನ್ನಿಂದ ನನಗ ಬಂದೈತಿ, ಈಗ ಗೊತ್ತಾತ ನೋಡು. ಏನೂ ಇಲ್ಲ. ಮೂರ ಊರ ಡಾಕ್ಟರ ಹೇಳಿದ್ದು ನೀನಽ ಕೇಳಿದ್ದೆಲ್ಲ? ಮಲಕೋ, ನಾ ಎಣಸ್ತೇನಿ.”

ಅವನು ನಕ್ಕ. ಖರೆ, ನಕ್ಕ. “ನೀ ಹೇಳಿದ್ರ ಆತು ವಕೀಲ್ರ,” ಎಂದು ಮಲಗಿದ. ನನ್ನ ಜೊತೆ ಪ್ರತಿ ಆಸ್ಪತ್ರೆಯ ಬೆಂಚಿನಲ್ಲೂ ಕೂತವನು ಅವನು. ಏನೂ ಇಲ್ಲ ಎಂಬುದನ್ನು ನನಗಿಂತ ಹೆಚ್ಚು ನಂಬಿದ್ದವನು. ನನ್ನ ಬದುಕಿನಲ್ಲಿ ಇಷ್ಟು ಸಲೀಸಾಗಿ ಯಾವ ವಾದವನ್ನೂ ನಾನು ಗೆದ್ದಿಲ್ಲ.

ಅವನ ಕೈ ಹಿಡಿದು ಎಣಿಸಿದೆ. ಇಪ್ಪತ್ತು, ಮತ್ತೆ ಇಪ್ಪತ್ತು, ಮತ್ತೆ. ನಡುವೆ ಯಾವಾಗಲೋ ಅವನ ಬೆರಳುಗಳು ನನ್ನ ಮಣಿಕಟ್ಟಿನ ಮೇಲೆ ಎರಡು ಸಲ ಬಿದ್ದವು. ನನ್ನ ಜೊತೆ ಎಣಿಸುತ್ತಿದ್ದಾನೆ ಎಂದುಕೊಂಡೆ. “ಶಾಬಾಸ್,” ಎಂದೆ.

ಮಗ್ಗದ ಮನೆಯಲ್ಲಿ ಹುಟ್ಟಿದವಳು. ಜೂಡೊ ಕಲಿತವಳು. ಶಾಬಾಸ್ ಎಂದೆ.

ಅವ್ವ ಹಿಟ್ಟಿನ ಡಬ್ಬಿಯೊಂದಿಗೆ ಒಳಗೆ ಬಂದಾಗ ಒಂಬತ್ತೂಕಾಲು. ಅವಳು ಏನನ್ನೂ ಕೇಳಲಿಲ್ಲ. ಡಬ್ಬಿ ಕೈಬಿಟ್ಟು, “ಮಾರಿ ನೋಡ ಬೇ, ಮಾರಿ ನೋಡ!” ಎಂದು ಕಿರುಚಿ ಆಟೋ ಕರೆಯಲು ಹೊರಗೆ ಓಡಿದಳು. ಮುಖ ನೋಡುವುದು ನನಗೆ ಹೊಳೆದಿರಲಿಲ್ಲ. ನಾನು ಲಕ್ಷಣಗಳನ್ನು ನೋಡುತ್ತಿದ್ದೆ.

ಜಮಖಂಡಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಇಸಿಜಿ ಯಂತ್ರದ ಹತ್ತಿರ ಇದ್ದದ್ದು ಅದೇ ಮನುಷ್ಯ, ನನಗೆ ಮೂರು ಸಲ ಪಟ್ಟಿ ತೆಗೆದು, “ಏನೂ ಇಲ್ಲವಾ, ಆರಾಮ ಹೋಗ,” ಎಂದು ನಗಿಸಿ ಕಳಿಸಿದ್ದವನು. ಈ ಸಲ ಪಟ್ಟಿಯನ್ನು ನಮ್ಮ ಕಡೆ ತಿರುಗಿಸದೆ ವೈದ್ಯರಿಗೆ ಕೊಟ್ಟು ಹೊರಗೆ ಹೋದ. ವೈದ್ಯರು ಕೇಳಿದರು:

“ಎಷ್ಟೊತ್ತಿಗೆ ಶುರು ಆಗಿತ್ತು?”

“ಈಗಽ ರಿ. ಈಗಷ್ಟೇ,” ಎಂದೆ.

ಸಾಕ್ಷಿಗಳು ಸುಳ್ಳು ಹೇಳುವಾಗ ಹಿಡಿಯುವುದು ನನ್ನ ಕಸುಬು. ಅವತ್ತು ತಿಳಿಯಿತು, ಸುಳ್ಳು ಹೇಳಲು ಪ್ರಯತ್ನವೇ ಬೇಕಿಲ್ಲ, ಬಾಯಿ ತಾನೇ ಹೇಳಿಬಿಡುತ್ತದೆ. ಪಕ್ಕದಲ್ಲಿ ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. ಅಪ್ಪನ ಅಂಗಿಯನ್ನು ನಮ್ಮ ಕೈಗೆ ಕೊಟ್ಟರು. ಒಳಜೇಬಿನಲ್ಲಿ ಬೀಳಗಿಯ ಆ ಪಟ್ಟಿ ಮಡಿಕೆಗಳಲ್ಲಿ ಹರಿದು, ಬೆವರಿಗೆ ಒದ್ದೆಯಾಗಿ ಇತ್ತು. ನನಗೆ ಏನೂ ಇಲ್ಲ ಎಂಬುದರ ಪುರಾವೆ. ಎರಡು ವರ್ಷ ಅವನು ಅದನ್ನು ಅಂಗಿಯಿಂದ ಅಂಗಿಗೆ ಬದಲಿಸಿ ಇಟ್ಟುಕೊಂಡಿದ್ದ.

ಆಮೇಲೆ ಬಂದವರೆಲ್ಲ ನನ್ನನ್ನು ಬಿಡುಗಡೆ ಮಾಡಲು ನೋಡಿದರು, ನಾನು ಆರೋಪಿ ಎಂಬುದು ಗೊತ್ತಿಲ್ಲದೆಯೇ. ಅವನ ಆಯುಷ್ಯ ಅಷ್ಟೇ ಇತ್ತು ಎಂದರು. ಹಾಗಿದ್ದರೆ ಆಸ್ಪತ್ರೆಗಳು ಯಾಕಿವೆ ಎಂದು ಬೇರೆ ದಿನವಾಗಿದ್ದರೆ ಕೇಳುತ್ತಿದ್ದೆ. ಮೂರು ತಿಂಗಳ ನಂತರ ಒಬ್ಬಳೇ ಆ ವೈದ್ಯರ ಹತ್ತಿರ ಹೋಗಿ ನಿಜ ಹೇಳಿದೆ: ಎಂಟೂವರೆಗೆ ಶುರುವಾಗಿತ್ತು, ಮುಕ್ಕಾಲು ತಾಸು ನಾನು ಎಣಿಸುತ್ತ ಕೂತಿದ್ದೆ. ಆಗಲೇ ಕರೆತಂದಿದ್ದರೆ?

ಅವರು ಮೇಜಿನ ಗಾಜು ನೋಡುತ್ತ ಹೇಳಿದರು: “ಉಳೀಬಹುದಿತ್ತು. ಉಳೀದೆನೂ ಇರಬಹುದಿತ್ತು. ಹೇಳಾಕ ಬರಂಗಿಲ್ಲ ತಂಗಿ.”

ಶಿಕ್ಷೆ ಕೊಟ್ಟಿದ್ದರೆ ಹೊರುತ್ತಿದ್ದೆ. ತೀರ್ಪೇ ಇಲ್ಲದ್ದನ್ನು ಎಲ್ಲಿ ಇಳಿಸುವುದು?

ಒಂದು ವಿಚಿತ್ರ ಹೇಳಬೇಕು. ಅಪ್ಪ ಹೋದ ಮೇಲೆ ಎಂಟು ತಿಂಗಳು ನನಗೆ ಒಂದು ಸಲವೂ ಆ ಭಯ ಬರಲಿಲ್ಲ. ಎದೆ ಶಾಂತವಾಗಿತ್ತು, ಖಾಲಿ ಮಗ್ಗದ ಹಾಗೆ. ಜನ ಧೈರ್ಯವಂತೆ ಎಂದರು. ಅದು ಧೈರ್ಯವಲ್ಲ ಎಂದು ನನಗೆ ಗೊತ್ತಿತ್ತು, ಕಳೆದುಕೊಳ್ಳಲು ಏನೂ ಉಳಿಯದಿದ್ದಾಗ ಭಯಕ್ಕೆ ಕೆಲಸವಿಲ್ಲ. ಒಂಬತ್ತನೆಯ ತಿಂಗಳು, ಅವ್ವ ಕೆಮ್ಮುತ್ತ ಅಡುಗೆಮನೆಯಲ್ಲಿ ಗೋಡೆ ಹಿಡಿದು ನಿಂತದ್ದನ್ನು ನೋಡಿದಾಗ ಅದು ವಾಪಸು ಬಂತು. ನಾಚಿಕೆ ಬಿಟ್ಟು ಬರೆಯುತ್ತೇನೆ, ಹಳೆಯ ಗೆಳತಿ ಬಾಗಿಲಿಗೆ ಬಂದ ಹಾಗಾಯಿತು.

ಜೂಡೊ ಬಿಟ್ಟಿದ್ದೆ. ಕಸ್ತೂರಿ ಟೀಚರ್ ಒಂದು ಮಧ್ಯಾಹ್ನ ಮನೆಗೆ ಬಂದರು. ಅವ್ವ ಸಂಗವ್ವತ್ತಿಯ ಮನೆಯಲ್ಲಿದ್ದಳು. ಟೀಚರಿಗೆ ಎಲ್ಲ ಹೇಳಿದೆ, ಮೊದಲ ಸಲ ಇನ್ನೊಬ್ಬರಿಗೆ ಪೂರ್ತಿಯಾಗಿ. ಬೆರಳು ಎರಡು ಸಲ ಬಿದ್ದದ್ದನ್ನೂ.

ಅವರು ನಿನ್ನ ತಪ್ಪಲ್ಲ ಎನ್ನಲಿಲ್ಲ. ಬಾಯಲ್ಲಿದ್ದ ಏಲಕ್ಕಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತರು. ಆಮೇಲೆ, “ಕೆಳಗ ಬಿದ್ದಾಗ ಹೆಂಗ ತಡಕೋಬೇಕು ಅಂತ ಹೇಳಿ ಹೇಳಿ ಕಲಸಿದ್ನಿ,” ಎಂದರು. “ಮ್ಯಾಲ ಇದ್ದಾಕಿ ಕೈ ಕಡೆ ಗಮನ ಇಟ್ಟಿರಬೇಕು ಅನ್ನೂದು ಒಂದಽ ಸಲ ಹೇಳಿ ಬಿಟ್ನಿ. ನಂದೂ ಐತಿ ಇದರಾಗ.”

“ನಿಮ್ದೇನೈತ್ರಿ ಟೀಚರ್—”

“ವಾದ ಬ್ಯಾಡ. ನಾಳೆ ಬಾ. ಹೊಸಾ ಹುಡುಗ್ಯಾರು ಬಂದಾರ, ಹಿಡಿಯಾಕ ಒಬ್ಬಾಕಿ ಬೇಕು.”

ಹೋದೆ. ಈಗ ನಾನು ಹೆಚ್ಚಾಗಿ ಮೇಲೆ ಇರುವವಳು. ಪುಟ್ಟ ಹುಡುಗಿಯರನ್ನು ಹಿಡಿದಾಗ ನಾನು ಅವರ ಉಸಿರು ಎಣಿಸುವುದಿಲ್ಲ. ಕೈ ನೋಡುತ್ತಿರುತ್ತೇನೆ. ಸುಮ್ಮಸುಮ್ಮನೆ ತಟ್ಟಿ ನಗುವವರಿದ್ದಾರೆ, ಆಗಲೂ ಬಿಡುತ್ತೇನೆ.

ನನ್ನ ಹಾಗೆ ಏನೂ ಇಲ್ಲದ ಕಾಯಿಲೆಯವರು ಇದನ್ನು ಓದುತ್ತಿದ್ದರೆ, ನಿಮಗೆ ಆಗುವುದು ನಿಜ. ಗುಳಿಗೆ ತೆಗೆದುಕೊಳ್ಳಿ. ಬೀಳುವುದನ್ನು ಕಲಿಯಿರಿ, ಎಲ್ಲಿ ಕಲಿಸುತ್ತಾರೋ ಅಲ್ಲಿ, ಅದು ಕೆಲಸ ಮಾಡುತ್ತದೆ. ಆದರೆ ನಿಮ್ಮ ಎದೆಯ ಬಗ್ಗೆ ನಿಮಗೆ ಗೊತ್ತಿರುವುದು ನಿಮ್ಮ ಎದೆಯ ಬಗ್ಗೆ ಮಾತ್ರ. ಇನ್ನೊಬ್ಬರು ದವಾಖಾನಿಗೆ ಹೋಗೋಣವೇ ಎಂದರೆ ಎದ್ದು ಚಪ್ಪಲಿ ಮೆಟ್ಟಿ. ವಾದವನ್ನು ಆಟೋದಲ್ಲಿ ಕೂತೂ ಮಾಡಬಹುದು.

ಇಲ್ಲಿಯವರೆಗೆ ಬರೆದು ನಾಲ್ಕು ದಿನ ಸುಮ್ಮನಿದ್ದೆ. ಷರತ್ತು ಇನ್ನೂ ಬಾಕಿ ಇತ್ತು.

ಅವ್ವ ಈಗ ಒಂದು ಮಗ್ಗ ತಾನೇ ಓಡಿಸುತ್ತಾಳೆ. ನಿನ್ನೆ ಮಧ್ಯಾಹ್ನ ಹಾಳೆಗಳನ್ನು ಒಳಗಿಟ್ಟು ಮುಂದಿನ ಕೋಣೆಗೆ ಹೋದೆ. ಖಟ ಖಟ ಸದ್ದು, ಗಾಳಿಯಲ್ಲಿ ನೂಲಿನ ಧೂಳು, ಅರ್ಧ ನೇಯ್ದ ಹಸಿರು ಸೀರೆ. ಹಿಂದೆ ನಿಂತು ಬೆನ್ನ ಮೇಲೆ ಎರಡು ಸಲ ತಟ್ಟಿದೆ. ತಿರುಗುವ ಮೊದಲೇ ಅವಳ ಕೈ ಹಿಡಿಕೆಗೆ ಹೋಯಿತು. ಮಗ್ಗ ನಿಂತಿತು.

ಹೇಳಿದೆ. ಅಪ್ಪನ ಪ್ರಶ್ನೆ, ನನ್ನ ಉತ್ತರ, ಎಣಿಕೆ, ಬೆರಳು, ಶಾಬಾಸ್, ಈಗಷ್ಟೇ ಎಂಬ ಸುಳ್ಳು. ನಿಲ್ಲದೆ ಹೇಳಿದೆ. ಅವ್ವ ಹಸಿರು ಸೀರೆಯ ಅಂಚಿನಲ್ಲಿ ಒಂದು ತುಂಡು ಎಳೆಯನ್ನು ಹಿಡಿದು ನಿಂತಿದ್ದಳು. ಹೊಡೆಯಲಿ ಎಂದು ಕಾದೆ.

“ಮುಂಜಾನೆ ನನ್ನ ಮುಂದ ಹೇಳಿದ್ದ,” ಎಂದಳು ಕೊನೆಗೆ.

“ಏನ ಬೇ?”

“ಒಲಿ ಮುಂದ ಕುಂತು ಚಾ ಕುಡಿಯೂ ಮುಂದ. ಎಡಾ ಭುಜಾ ಜಗ್ಗಾಕತ್ತೈತಿ, ಇವತ್ತ ಮಗ್ಗ ಬ್ಯಾಡ ಅನಸ್ತೈತಿ ಅಂದ. ದಿನಾ ಇದ್ದದ್ದಽ ಐತಿ, ಹೋಗ ಅಂದ್ನಿ. ಎಣ್ಣಿ ಹಚ್ಚಿ ತಿಕ್ಕಿ ಎಬ್ಬಿಸಿ ಕಳಿಸಿದ್ನಿ.” ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. “ದವಾಖಾನ್ಯಾಗ ಡಾಕ್ಟರ್ ಕೇಳಿದಾಗ ನನ್ನ ಕೈಯಾಗ ಇನ್ನಾ ಎಣ್ಣಿ ನಾತ ಇತ್ತು.”

ಸೆರಗಿನೊಳಗೆ ಸುತ್ತಿದ್ದ ಆ ಎರಡು ಕೈಗಳು ಈಗ ನನಗೆ ಕಂಡವು. ಚಳಿ ಇರಬೇಕು ಎಂದುಕೊಂಡಿದ್ದೆ ಅವತ್ತು. ಎಣ್ಣೆಯ ಬಾಟಲಿ ಅಂದಿನಿಂದ ಮನೆಯಲ್ಲಿ ಕಾಣದಿದ್ದದ್ದೂ ಈಗ ನೆನಪಾಯಿತು. ಒಂದೂವರೆ ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಎದುರು, ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಉಂಡಿದ್ದೆವು.

“ಅದು ಬ್ಯಾರೆ ಬೇ,” ಎಂದೆ. “ನಿನಗ ಗೊತ್ತಿರಲಿಲ್ಲ. ಭುಜಾ ಎಲ್ಲಾರಿಗೂ ನೋಯ್ತೈತಿ. ನನ್ನ ಮುಂದ ಎದಿ ಅಂದ, ದವಾಖಾನಿ ಅಂದ, ಬಾಯಿ ಬಿಟ್ಟು ಕೇಳಿದ. ನಾ ಓದಿದಾಕಿ. ನಿನ್ನ ತಪ್ಪಿಗೂ ನನ್ನ ತಪ್ಪಿಗೂ ಸರಿತೂಕಽ ಇಲ್ಲ. ಮೊದಲನೇದು, ನೀ ಹಚ್ಚಿದ್ದು ಎಣ್ಣಿ, ಅದು ಎಲ್ಲಾರೂ ಮಾಡೂದು. ಎರಡನೇದು, ನಾ ಮುಕ್ಕಾಲ ತಾಸು ಬಾಜೂಕ ಕುಂತಿದ್ನಿ. ಮೂರನೇದು—”

ಅವ್ವ ನನ್ನ ಬೆನ್ನ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದಳು.

ನಿಲ್ಲಿಸಿದೆ. ಯಾಕೆ ಎಂದು ಕೇಳಲಿಲ್ಲ.